ಮೊಳೆಗೆ ತೂಗುಹಾಕಿದ ಕೀಲಿಕೈ

ದಾಂಡೇಲಿಯ ಆ ಚಾಳಿನ ರೂಮುಗಳೆಲ್ಲ ಗಿರಿಜಾಬಾಯಿಯವು. ಕಾಗದ ಕಾರ್ಖಾನೆಯ ಪಾಳಿಯವರು ಹೊತ್ತಲ್ಲದ ಹೊತ್ತಿಗೆ ಬರುವವರು. ಮನೆಯವರಲ್ಲಿ ಯಾರು ಮೊದಲು ಬಂದರೂ ಸಿಗಲೆಂದು ಬಾಡಿಗೆಯವರೆಲ್ಲ ಹೊರಗೆ ಹೋಗುವಾಗ ಕೀಲಿಕೈಯನ್ನು ಮಾಲಕಿಯ ಪಡಸಾಲೆಯ ಮೊಳೆಗೆ ತೂಗುಹಾಕಿ ಹೋಗುವುದು ರೂಢಿ. ತೂಗುಹಾಕದಿದ್ದರೆ ಆಕೆಯನ್ನು ಕಳ್ಳಿ ಎಂದಂತೆ.

ಶೈಲಾ ಕೂಡ ತೂಗುಹಾಕುತ್ತಿದ್ದಳು. ಗಂಡ ಸುಭಾಸನ ಹೊಡೆತ ತಾಳಲಾರದೆ ಕೋರ್ಟಿಗೆ ಅಲೆದಲೆದು ಆದೇಶ ತಂದ ಮೇಲೂ ತೂಗುಹಾಕುತ್ತಿದ್ದಳು. ಮನೆಯೊಳಗಿನ ಹೊಡೆತ ತಡೆಯುವ ಹೊಸ ಕಾನೂನು ಬಂದು ಒಂದೆರಡು ವರ್ಷವಾಗಿತ್ತು. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿದ್ದರೂ ಅವಳನ್ನು ಅವನು ಎಬ್ಬಿಸುವಂತಿಲ್ಲ, ಅವನೇ ಹೊಸ್ತಿಲು ತುಳಿಯುವಂತಿಲ್ಲ. ಪೊಲೀಸಪ್ಪ ಬಂದು ಎಲ್ಲರೆದುರು ಓದಿ ಹೇಳಿದಾಗ ಗಿರಿಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಅಳುವುದೇನು, ಪುಕ್ಕಟೆ.

ಆ ಮಧ್ಯಾಹ್ನ ಶಾಲೆಯ ಬಿಸಿಯೂಟದ ಪಾತ್ರೆ ತಿಕ್ಕಿ ಬಂದ ಶೈಲಾಗೆ ಮೊಳೆ ಬರಿದಾಗಿ ಕಂಡಿತು. ರೂಮಿನ ಬಾಗಿಲು ತೆರೆದಿತ್ತು. ಒಳಗೆ ಅವಳ ಹಾಸಿಗೆಯ ಮೇಲೆ ಸುಭಾಸ ಗೊರಕೆ ಹೊಡೆಯುತ್ತಿದ್ದ. ಅವಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸುಸ್ತು. ಇದನ್ನೂ ಮತ್ತೆ ಮೊದಲಿನಿಂದ ಮಾಡಬೇಕಲ್ಲ ಎಂಬ ಸುಸ್ತು.

"ಯಾಕ ಕೊಟ್ರಿ ಬಾಯಾರ?" ಎಂದು ಪಡಸಾಲೆಗೆ ಹೋಗಿ ಮಾಲಕಿಯನ್ನು ಕೇಳಿದಳು.

"ಪಾಳಿ ಮುಗಿಸಿ ಬಂದೇನಿ, ಕೀಲಿಕೈ ಕೊಡ್ರಿ ಅಂದ. ದಿನಾ ಕೊಟ್ಟ ಕೈ ನೋಡವಾ, ಕೊಟ್ಟಬಿಡ್ತು. ಎಷ್ಟಂದ್ರೂ ಮನಿ ಗಂಡಸು."

ಶೈಲಾ ನೆಟ್ಟಗೆ ಠಾಣೆಗೆ ನಡೆದಳು. ಆದೇಶ ಮೀರಿದ್ದು ಅಪರಾಧ ಎಂದು ಅಲ್ಲಿಯವರಿಗೆ ಅವಳೇ ನೆನಪಿಸಬೇಕಾಯಿತು. ಪೊಲೀಸರು ಬಂದು ಎಬ್ಬಿಸಿದಾಗ ಸುಭಾಸ ಕಣ್ಣುಜ್ಜಿಕೊಳ್ಳುತ್ತ, "ಊಟಕ್ಕ ಏನ್ ಮಾಡೀಯೇ?" ಎಂದ. ನಾಚಿಕೆಗೆಟ್ಟವನು. ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಜೀಪು ತಿರುವು ದಾಟಿತ್ತೋ ಇಲ್ಲವೋ, ಗಿರಿಜಾಬಾಯಿ ಸೊಂಟಕ್ಕೆ ಕೈಯಿಟ್ಟಳು. "ಪೊಲೀಸರು ಬರೂ ಚಾಳಿಗೆ ಮಂದಿ ಬಾಡಿಗಿಗೆ ಬರೂದಿಲ್ಲ. ರೂಮು ಖಾಲಿ ಮಾಡವಾ."

ಶೈಲಾ ಮಾಲಕಿಯ ಮುಖ ನೋಡಿದಳು. ಸಿಟ್ಟು ಬರಬೇಕಿತ್ತು, ಅದಕ್ಕೂ ತ್ರಾಣವಿರಲಿಲ್ಲ.

"ರೂಮು ಬಿಡಸಬೇಕಂದ್ರ ನೀವೂ ಕೋರ್ಟಿಗೆ ಹೋಗಬೇಕಾಗ್ತದ ಬಾಯಾರ. ದಾರಿ ಗೊತ್ತಿಲ್ಲಂದ್ರ ನಾ ತೋರಸ್ತೇನಿ."

ಒಳಗೆ ಹೋಗಿ ಅಗುಳಿ ಹಾಕಿದಳು. ಹಾಸಿಗೆ ಅವನದೇ ವಾಸನೆ ಹೊಡೆಯುತ್ತಿತ್ತು, ಬರಿ ನೆಲಕ್ಕೆ ಅಡ್ಡಾದಳು. ಗೆದ್ದೆ ಎಂದೇನೂ ಅನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. "ಸಿಟ್ಟಾಗಬ್ಯಾಡ ಶೈಲಾ, ಚಾ ತಂದೇನಿ, ತಗಿ" ಎಂದಳು ಗಿರಿಜಾಬಾಯಿ.

ಶೈಲಾ ಕಣ್ಣು ಬಿಡಲಿಲ್ಲ. ಬಡಿದವರಿಗೆಲ್ಲ ಬಾಗಿಲು ತೆಗೆಯಬೇಕು ಎಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ.