ಬಾಗಿಲಲ್ಲಿಟ್ಟ ಟ್ರಂಕು

ಹೈದರಾಬಾದ್ ಸೀಮೆ ಹಿಂದುಸ್ತಾನದಲ್ಲಿ ಸೇರಿ ಎರಡು ವರ್ಷವಾಗಿತ್ತು. ಶಹಾಪುರದ ಶಾಲೆಯಲ್ಲಿ ಉರ್ದು ಕಲಿಸುವವರಿಗೆ ಇನ್ನು ಇಂಗ್ಲಿಷೂ ಬರಬೇಕು, ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡುತ್ತಾರೆ, ತಪ್ಪಿದವರಿಗೆ ನೌಕರಿಯಿಲ್ಲ ಎಂಬ ಮಾತು ಹುಟ್ಟಿತ್ತು. ಆ ಶಾಲೆಯಲ್ಲೇ ನನಗೆ ಅಕ್ಷರ ತಿದ್ದಿಸಿದ ಉಸ್ಮಾನಸಾಬರಿಗೆ ಸಂಜೆ ಹೊತ್ತು ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಬಿ.ಎ. ಮುಗಿಸಿ ಊರಿಗೆ ಬಂದ ನನಗೂ ಬೇರೆ ಕೆಲಸವಿರಲಿಲ್ಲ.

ಅವರ ಮನೆಯ ಬಾಗಿಲಲ್ಲೇ ಒಂದು ತಗಡಿನ ಟ್ರಂಕು. ಹಿಂದುಸ್ತಾನದ ಫೌಜು ಬಂದ ಪೊಲೀಸ್ ಆಕ್ಷನ್ನಿನ ವಾರ ತುಂಬಿಟ್ಟದ್ದು, ಬಿಚ್ಚಿರಲಿಲ್ಲ. ನೌಕರಿ ಹೋದರೆ ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿನ ತಮ್ಮನ ಮನೆ ಸೇರುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಒಳಗೆ ಹೋಗುವವರೆಲ್ಲ ಅದನ್ನು ದಾಟಿಯೇ ಹೋಗಬೇಕು.

ಅಂದು ಪಾಠದಲ್ಲಿ ‘ಇಮಿನೆಂಟ್’ ಎಂಬ ಶಬ್ದ ಬಂತು.

“ಬರೋದು ಅಂತಲ್ಲೇನು ಬಸವಂತ್ರಾಯ? ನಾಳಿನ ಸಂತಿಗೆ ಇಮಿನೆಂಟ್ ಅನ್ನಾಕ ಬರ್ತದೇನು?”

“ಸಂತಿಗೆ ಬರಂಗಿಲ್ರಿ ಉಸ್ತಾದ್. ತೀರ ಹತ್ತಿರ ಬಂದಿರಬೇಕು, ಈಗೋ ಇನ್ನೊಂದು ಗಳಿಗಿಗೋ ಅನ್ನೂ ಹಂಗ. ಹೆಚ್ಚಾಗಿ ಕೆಟ್ಟದ್ದಕ್ಕ ಹಚ್ಚತಾರ. ಯುದ್ಧ, ಗಂಡಾಂತರ, ಸಾವು.”

“ಮದಿವಿಗೆ?”

“ಹಚ್ಚಂಗಿಲ್ರಿ.”

“ನಮ್ಮ ಮದಿವಿಗೆ ಹಚ್ಚಬಹುದಿತ್ತು ಬಿಡ್ರಿ,” ಎಂದರು ಒಳಗಿನಿಂದ ಅವರ ಹೆಂಡತಿ ಮುನ್ನಿಬೀ.

ಉಸ್ಮಾನಸಾಬರು ನಕ್ಕರು. ಆಮೇಲೆ ಟ್ರಂಕಿನ ಕಡೆ ನೋಡಿದರು. ನಾನೂ ನೋಡಿದೆ.

“ಇನ್‌ಸ್ಪೆಕ್ಟರ್ ಈಗ ಬಂದ, ನಾಳಿ ಬಂದ,” ಎಂದರು ಅವರು. “ಎರಡು ವರ್ಷದಿಂದ ಹತ್ತಿರೇ ಇದ್ದದ್ದಕ್ಕೂ ಇದೇ ಶಬ್ದ ನಡಿತದೇನಪ್ಪಾ?”

ನಾನು ಪುಸ್ತಕದ ಹಾಳೆ ತಿರುವಿದೆ. “ಇದರಾಗ ಅದನ್ನ ಬರದಿಲ್ರಿ.”

ಮುನ್ನಿಬೀ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ದೊಡ್ಡ ಡೇಗ್ಚಿ ಅದರಾಗ, ನನ್ನ ರಜಾಯಿ ಅದರಾಗ. ಒಂದ ಬೋಗುಣ್ಯಾಗ ಎಷ್ಟು ದಿನ ಕುದಿಸ್ಲಿ? ಟ್ರಂಕು ಬಿಚ್ಚೂಣು. ಪಾಸಾದ್ರ ಇರೂಣು. ನಪಾಸಾದ್ರ ಮತ್ತ ಕಟ್ಟೂಣು.”

“ಬಿಚ್ಚಿದ ಮ್ಯಾಲ ಇನ್‌ಸ್ಪೆಕ್ಟರ್ ಬಂದ್ರ?” ಎಂದರು ಉಸ್ಮಾನಸಾಬರು.

“ಬಂದ್ರ ಉಂಡು ಹೋಗ್ಲಿ.”

ಟ್ರಂಕಿನ ಕೀಲಿಗೆ ಜಂಗು ಹಿಡಿದಿತ್ತು. ಕಲ್ಲಿನಿಂದ ಬಡಿದು ತೆಗೆದೆವು. ಹೊದೆಯುವ ರಜಾಯಿಯ ಮಡಿಕೆಗಳಲ್ಲಿ ಬೇವಿನೆಲೆ ಪುಡಿಯಾಗಿತ್ತು. ಮುನ್ನಿಬೀ ಅದನ್ನು ಅಂಗಳದಲ್ಲಿ ಝಾಡಿಸಿ, ಡೇಗ್ಚಿ ಬೆಳಗಿ ಒಲೆಯ ಮೇಲಿಟ್ಟರು.

ಖಾಲಿ ಟ್ರಂಕನ್ನು ಗೋಡೆಗೆ ಸರಿಸಿ ಉಸ್ಮಾನಸಾಬರು ಅದರ ಮೇಲೆಯೇ ಕೂತರು. ಮುಂದಿನ ಶಬ್ದ ಹೇಳಬೇಕೆಂದು ತಲೆಯೆತ್ತಿದಾಗ ಗೋಡೆಗೊರಗಿ ಅವರಿಗೆ ನಿದ್ದೆ ಹತ್ತಿತ್ತು. ನಾನು ಪುಸ್ತಕ ಮುಚ್ಚಿದೆ.