ವಾಚನಾಲಯದ ನಾಲ್ಕನೇ ನಿಯಮ

“ಇದನ್ನು ಹೀಗೆ ಬರೆದದ್ದು ಯಾರು?” ರಮ್ಯಶ್ರೀ ಗಟ್ಟಿಯಾಗಿ ಕೇಳಿದಳು. ಗಡಿನಾಡಿನ ಪುತ್ತಿಗೆಯ ಆ ವಾಚನಾಲಯಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.

ಗೋಡೆಯ ಬೋರ್ಡಿನ ಎಂಟು ನಿಯಮಗಳನ್ನು ಮಲಯಾಳದಿಂದ ಕನ್ನಡಕ್ಕೆ ತಂದವಳು ಅವಳೇ. ಒಂದೊಂದು ಸಾಲನ್ನೂ ಕಿವಿಗೆ ಒಪ್ಪುವವರೆಗೆ ಓದಿ ಓದಿ ತಿದ್ದಿದ್ದಳು. ಮಂಗಳೂರಿನ ಅನುವಾದ ಕಂಪನಿಯೊಂದು ಅವಳ ಲಿಂಕ್ಡ್‌ಇನ್ ಪುಟ ನೋಡಿ, ‘ಜನ ಓದುವ ಕೆಲಸ ಒಂದನ್ನಾದರೂ ಸಂಜೆಯೊಳಗೆ ಹಾಕಿ, ಮತ್ತೆ ನೌಕರಿಯ ಮಾತು’ ಎಂದಿತ್ತು. ಜನ ಓದುವಂಥದ್ದು ಇದೊಂದೇ ಇತ್ತು. ಬೋರ್ಡು ಹಾಕಿದ ಮೇಲೆ ಮೊದಲ ಸಲ, ಅದರ ಫೋಟೋ ತೆಗೆಯಲೆಂದು ಬಂದಿದ್ದಳು.

ನಾಲ್ಕನೆಯ ಸಾಲು: ‘ಒಳಗೆ ಸಂಸಾರ ಮಾಡಬಾರದು.’

ಅವಳು ಬರೆದುಕೊಟ್ಟದ್ದು ‘ಮಾತನಾಡಬಾರದು’ ಎಂದು. ಮಲಯಾಳದಲ್ಲಿ ಮಾತಿಗೆ ಸಂಸಾರ ಎನ್ನುತ್ತಾರೆ. ಬೋರ್ಡಿನ ಪೇಂಟರಿಗೆ ಫೋನ್ ಮಾಡಿದಾಗ ಗೊತ್ತಾಯಿತು: ಎರಡೂ ಭಾಷೆ ಬಲ್ಲ ಅವನು ಅವಳ ‘ತಪ್ಪನ್ನು’ ತಿದ್ದಿದ್ದ.

ಅಷ್ಟರಲ್ಲಿ ವಾಚನಾಲಯ ನೋಡಿಕೊಳ್ಳುವ ಉರ್ಸುಲಾ ಟೀಚರ್ ಬಂದರು. ರಮ್ಯಶ್ರೀ ಸಂಗತಿ ಹೇಳಿದಳು.

“ಗೊತ್ತುಂಟು,” ಎಂದರು ಟೀಚರ್. “ಹಳೆಯ ಬೋರ್ಡು ಸರಿಯೇ ಇತ್ತು. ಜನ ಅದರ ಅಡಿಯಲ್ಲೇ ಕೂತು ಸಂತೆ ಮಾಡ್ತಿದ್ದರು. ಇದನ್ನು ಓದಿದವರು ಒಮ್ಮೆ ನಗ್ತಾರೆ, ಮತ್ತೆ ನಾಚಿಕೆಯಲ್ಲಿ ಸುಮ್ಮನಾಗ್ತಾರೆ. ಗಂಡ ಹೆಂಡತಿ ಬಂದರೂ ಬೇರೆ ಬೇರೆ ಬೆಂಚಲ್ಲಿ ಕೂತು ಪೇಪರ್ ಓದ್ತಾರೆ.”

“ನನ್ನ ಕೆಲಸದ ಪ್ರಶ್ನೆ, ಟೀಚರ್. ಪೇಂಟರ್ ಅರ್ಧ ಗಂಟೆಯಲ್ಲಿ ತಿದ್ದಿ ಕೊಡ್ತಾನಂತೆ. ನೀವು ಹೂಂ ಅಂದರೆ ಸಾಕು.”

“ನಾನಿಲ್ಲಿಗೆ ಬಂದ ಹದಿನೆಂಟು ವರ್ಷದಲ್ಲಿ ಈಗಷ್ಟೇ ಸ್ವಲ್ಪ ಶಾಂತಿ ಉಂಟು ಮಾರಾಯ್ತಿ. ಹೂಂ ಅನ್ನುವುದಿಲ್ಲ.”