ಕೋಲಿನ ಹಿಂದಿನ ತುದಿ

ಬಬಲೇಶ್ವರದಲ್ಲಿ ಮುರಿಗೆವ್ವನನ್ನೂ ಅವಳ ತಮ್ಮ ಬಸಗೊಂಡಪ್ಪನನ್ನೂ ಬೇರೆಬೇರೆಯಾಗಿ ಕಂಡವರೇ ಇರಲಿಲ್ಲ. ಇಬ್ಬರ ನಡುವೆ ಒಂದು ಬಿದಿರಿನ ಕೋಲು. ಮುಂದಿನ ತುದಿ ಅಕ್ಕನ ಕೈಯಲ್ಲಿ, ಹಿಂದಿನದು ಹುಟ್ಟುಕುರುಡ ತಮ್ಮನ ಕೈಯಲ್ಲಿ. ಚಿಕ್ಕವನಿದ್ದಾಗ ಒಬ್ಬನೇ ಹೊರಟು ನೆಲದಡಿ ಜೋಳ ತುಂಬುವ ಗುಂಡಿಯಾದ ಹಗೇವಿನೊಳಗೆ ಬಿದ್ದವನು, ಆಮೇಲೆ ಅಕ್ಕನಿಲ್ಲದೆ ಹೊಸ್ತಿಲು ದಾಟಿದ್ದಿಲ್ಲ. ತಲೆ ನರೆತರೂ ಆ ಭಯ ಹೋಗಲಿಲ್ಲ. ಈಗ ನೋಡಿದರೆ ಮುರಿಗೆವ್ವನ ಮೊಣಕಾಲುಗಳೇ ಕೈಕೊಟ್ಟಿದ್ದವು. ತಾನು ಕಣ್ಣು ಮುಚ್ಚಿದರೆ ಈ ಕೋಲನ್ನು ಯಾರು ಹಿಡಿಯಬೇಕು? ಹಗಲಿರುಳು ಕೊರೆಯುತ್ತಿದ್ದ ಈ ಚಿಂತೆಯನ್ನು ಅವಳು ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೈದರ ಚಳಿಗಾಲದಲ್ಲಿ ಪಕ್ಕದ ಮನೆಯ ಕಂಡಕ್ಟರ್ ಮೌಲಾಸಾಬ ಸುದ್ದಿ ತಂದ.

"ಯಕ್ಕಾ, ಕಣ್ಣಿಲ್ಲದವರಿಗೆ ಬಸ್ಸಿನ್ಯಾಗ ಪಾಸ ಕೊಡಾಕತ್ತಾರ. ಕರಕೊಂಡ ಹೋಗವ್ರಿಗೂ ಅರ್ಧಾ ತಿಕೀಟ. ಶುಕ್ರವಾರ ಗೋಳಗುಮ್ಮಟದಾಗ ಯಾರಿಗೂ ರೊಕ್ಕಾ ಕೇಳಂಗಿಲ್ಲ. ವಿಜಾಪುರಕ್ಕ ಒಂದ್ ದಿನಾ ಅಡ್ಡಾಡಿ ಬರ್ರಿ. ಪಾಸಿಗೆ ಒಂದ್ ಫೋಟೋ ಬೇಕ ನೋಡ್ರಿ."

"ನನ್ನ ಮಾರಿ ನಾನ ನೋಡಿಲ್ಲ, ಸರಕಾರಕ್ಕ್ಯಾಕ ಬೇಕೋ?" ಎಂದು ಬಸಗೊಂಡಪ್ಪ ಸಿಡುಕಿದ. "ಕುರುಡಗ ಗುಮ್ಮಟ ತೋರಸ್ತೀರೇನ? ಮಂದಿ ನಗತಾರ."

ಮುರಿಗೆವ್ವ ಜಗ್ಗಲಿಲ್ಲ. ಅವಳೂ ಗುಮ್ಮಟ ಕಂಡವಳಲ್ಲ. ತಮ್ಮನ ನೆಪದಲ್ಲಿ ತನಗೂ ಒಂದು ದಿನ ಸಿಕ್ಕಿತೆಂದು ಫೋಟೋ ತೆಗೆಸಿ, ಪಾಸು ಮಾಡಿಸಿ, ರೊಟ್ಟಿಬುತ್ತಿ ಕಟ್ಟಿಯೇಬಿಟ್ಟಳು.

ಗುಮ್ಮಟದ ಸುತ್ತುಮೆಟ್ಟಿಲು ಕತ್ತಲೆಯದು. ಮುಂದಿದ್ದ ಮುರಿಗೆವ್ವ ತಡವರಿಸಿ ನಿಂತಳು.

"ನಡಿ ಬೇ ಅಕ್ಕಾ," ತಮ್ಮ ಹಿಂದಿನಿಂದ ನಕ್ಕ. "ಕತ್ತಲಿ ನಿನಗ ಹೊಸಾದು."

ಮೇಲಿನ ದುಂಡು ಮೊಗಸಾಲೆ ಮುಟ್ಟುವಷ್ಟರಲ್ಲಿ ಶುಕ್ರವಾರದ ನಮಾಜಿನ ಹೊತ್ತಾಗಿ, ಕೂಗಿ ಕೇಕೆ ಹಾಕುತ್ತಿದ್ದವರೆಲ್ಲ ಇಳಿದುಹೋಗಿದ್ದರು. ನಡುವೆ ಕೆಳಗಿನ ನೆಲದವರೆಗೂ ಬಯಲು; ತಲೆಯ ಮೇಲಿನ ಗುಮ್ಮಟ, ಒಂದು ಊರನ್ನೇ ಮುಚ್ಚಬಹುದಾದ ಬುಟ್ಟಿಯನ್ನು ಬೋರಲು ಹಾಕಿದಂತಿತ್ತು. ಮುರಿಗೆವ್ವ ಸೆರಗನ್ನು ಬಾಯಿಗೆ ಹಿಡಿದು ಕತ್ತೆತ್ತಿ ನೋಡಿದಳು.

ಎದುರುಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಅದು ಮತ್ತೆಮತ್ತೆ ಮಾರ್ದನಿಸುವುದೇ ಸೋಜಿಗವೆಂದು ಮೌಲಾಸಾಬ ಹೇಳಿದ್ದ. ತಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಕೋಲನ್ನು ಅವನ ಮಡಿಲಲ್ಲಿಟ್ಟು, ಅವಳೊಬ್ಬಳೇ ಸುತ್ತು ಹಾಕಿ ಎದುರುಬದಿಗೆ ಹೋದಳು. ಹೋಗುವಷ್ಟರಲ್ಲಿ ಮೊಣಕಾಲು ಸೋತು, ಗೋಡೆಗೆ ಹಣೆ ಹಚ್ಚಿ ಕುಸಿದಳು. ಇಷ್ಟು ದೂರದಿಂದ ತಮ್ಮನಿಗೆಲ್ಲಿ ಕೇಳುತ್ತದೆ ಎಂದುಕೊಂಡು ಗೊಣಗಿದಳು.

"ಯಪ್ಪಾ ಶಿವನ, ಕಾಲು ಸತ್ತ ಹೋಗ್ಯಾವ. ನಾ ಹ್ವಾದ ಮ್ಯಾಲ ಇವನ ಕೋಲು ಯಾರು ಹಿಡೀಬೇಕು?"

"ಅಕ್ಕಾ."

ಕಿವಿಯ ಪಕ್ಕದಲ್ಲೇ! ತಿರುಗಿದರೆ ಯಾರೂ ಇಲ್ಲ. ದೂರದಲ್ಲಿ, ಬೊಂಬೆಯಷ್ಟು ಚಿಕ್ಕದಾಗಿ ಕಾಣುವ ತಮ್ಮ ಈಗ ಗೋಡೆಗೆ ಮುಖ ತಿರುಗಿಸಿ ಕೂತಿದ್ದ. ಅವಳ ಗೊಣಗನ್ನೂ ಅವನ ದನಿಯನ್ನೂ ದುಂಡು ಗೋಡೆಯೇ ಹೊತ್ತು ತಂದಿತ್ತು.

"ಕಾಲು ಅಷ್ಟು ಸೋತಾವಂತ ಯಾಕ ಹೇಳಲಿಲ್ಲ ಬೇ? ಅಲ್ಲೇ ಕುಂದರು. ನಾನ ಬರತೇನಿ."

ತಾನು ಕಿರುಚಿದರೆ ಅವನು ಬೆದರಿ ಕೆಳಗೆ ಬಿದ್ದಾನು. ಅವಳು ಗೋಡೆಗೆ ಬಾಯಿ ಹಚ್ಚಿದಳು.

"ಗ್ವಾಡಿ ಬಿಡಬ್ಯಾಡ ತಮ್ಮಾ."

ಅವನು ಗೋಡೆ ಸವರುತ್ತ ಹೊರಟ. ಅವಳ ಪಿಸುಮಾತು ಅದೇ ಗೋಡೆ ಹಿಡಿದು ಅವನ ಜೊತೆ ನಡೆಯಿತು. ಒಂದು ಕಡೆ ಬಾಗಿಲು ಬಂದು ಗೋಡೆ ಮುಗಿಯಿತು. ಅವನ ಕೈ ಗಾಳಿಯಲ್ಲಿ ನಿಂತಿತು. ಹಗೇವು ನೆನಪಾಗಿರಬೇಕು, ಒಂದು ಹೆಜ್ಜೆ ಹಿಂದೆ ಸರಿದ.

"ಬಾಗಲಾ ಅದ. ಕೋಲು ಮುಂದ ಚಾಚು."

ಇಷ್ಟು ವರ್ಷ ಅವಳ ಕೈಯಲ್ಲಿದ್ದ ತುದಿ ಆಚೆಯ ಗೋಡೆಗೆ ಟಕ್ಕೆಂದು ತಾಗಿತು. ಅವನು ದಾಟಿದ. ಮುಂದಿನ ಬಾಗಿಲಿಗೆ ಹೇಳುವ ಮೊದಲೇ ಚಾಚಿದ. ಮುರಿಗೆವ್ವ ರೆಪ್ಪೆ ಬಡಿಯದೆ ನೋಡಿದಳು. ಅಷ್ಟು ದೊಡ್ಡ ಗುಮ್ಮಟವೇ ಅವಳಿಗೆ ಮರೆತುಹೋಗಿತ್ತು.

ಬಂದವನು ಅವಳ ತಲೆ ಮುಟ್ಟಿ ಪಕ್ಕದಲ್ಲಿ ಕೂತ. ಇಬ್ಬರೂ ಬುತ್ತಿ ಬಿಚ್ಚಿ ಉಂಡರು. ಆಮೇಲೆ ಅವನು ಎದ್ದು ಕೋಲನ್ನು ಅವಳತ್ತ ನೀಡಿದ.

"ಹಿಂದಿನ ತುದಿ ಹಿಡಿ ಅಕ್ಕಾ. ಇಳಿಯೂದು ಕತ್ತಲದಾಗ ಅದ. ನಾ ಮುಂದ ಇರತೇನಿ."